ಗಂಗಾಧರಯ್ಯ ಪೆನ್ನು ಕೊಂಡದ್ದು

"ಒಂದು ಸಹಿ ಹಾಕಿ ಕೊಟ್ಬಿಡ್ತೀನಿ" ಎಂದು ಪಕ್ಕದ ಮೇಜಿನ ಷಡಕ್ಷರಿ ಇಸಿದುಕೊಂಡ ಪೆನ್ನು ಕೈಜಾರಿ, ನಿಬ್ಬು ಕೆಳಗಾಗಿ ನೆಲಕ್ಕೆ ಬಿತ್ತು. ಗಂಗಾಧರಯ್ಯ ಎತ್ತಿ ನೋಡಿದರೆ, ಪಾಲಾದ ಅಣ್ಣತಮ್ಮಂದಿರ ಹಾಗೆ ನಿಬ್ಬಿನ ಒಂದು ಸೀಳು ಅತ್ತ, ಇನ್ನೊಂದು ಇತ್ತ ಮುಖ ತಿರುಗಿಸಿಕೊಂಡಿತ್ತು.

"ಕಣ್ಣು ನೆತ್ತಿ ಮೇಲಿದ್ಯೇನ್ರೀ? ಒಂದು ಪೆನ್ನು ಹಿಡಿಯೋಕಾಗದ ಕೈ ಯಾತಕ್ಕೆ ನಿಮಗೆ?"

"ಬೇಕಂತ ಬೀಳಿಸಿದ್ನೇ ಗಂಗಾಧರಯ್ಯನೋರೇ?" ಷಡಕ್ಷರಿಯ ಮುಖ ಸಣ್ಣದಾಯಿತು.

ಕಡೂರಿನ ಕೊಬ್ಬರಿ ವರ್ತಕರ ಸಂಘದಲ್ಲಿ ಗಂಗಾಧರಯ್ಯ ಗುಮಾಸ್ತ. ದಿನವಿಡೀ ಬರೆಯುವುದೇ ಕೆಲಸ, ಸಿಡುಕುವುದು ಬಿಡುವಿನ ಕೆಲಸ. ಬಿದ್ದ ಪೆನ್ನೇನೂ ಭಾರಿಯದಲ್ಲ. ಇಂಕು ಕಕ್ಕುತ್ತಿತ್ತು, ಅದು ಬರೆದ ಅಕ್ಷರಗಳು ನೆನೆದ ಅವಲಕ್ಕಿಯಂತೆ ಉಬ್ಬುತ್ತಿದ್ದವು. ಕಾರ್ಯದರ್ಶಿ ತೀರ್ಥಪ್ಪನವರು ವಾರಕ್ಕೊಮ್ಮೆಯಾದರೂ ಎಲ್ಲರೆದುರು, "ಇದು ನೀವು ಬರೆದದ್ದೋ, ಕೋಳಿ ಕೆದಕಿದ್ದೋ?" ಎಂದು ಕೇಳಿ ನಗುತ್ತಿದ್ದರು. ಆ ನಗು ನೆನಪಾಗಿ ಗಂಗಾಧರಯ್ಯನಿಗೆ ಇನ್ನಷ್ಟು ಉರಿಯಿತು. ಇವತ್ತು ಒಳ್ಳೆಯ ಪೆನ್ನೇ ಕೊಳ್ಳಬೇಕು, ಆದರೆ ಸಂಬಳಕ್ಕೆ ಕತ್ತರಿ ಬೀಳಬಾರದು ಎಂದುಕೊಂಡು ಊಟದ ಹೊತ್ತಿಗೆ ಬಸ್‌ಸ್ಟ್ಯಾಂಡಿನ ಪಕ್ಕದ ಕಲ್ಲೇಶಪ್ಪನ ಅಂಗಡಿಗೆ ನಡೆದ. ತಪ್ಪು ಮಾಡಿದ ಷಡಕ್ಷರಿಯೂ ನೆರಳಿನಂತೆ ಹಿಂದೆಯೇ ಬಂದ.

"ದಿನಾ ಬರೆಯೋಕೆ. ಕಡಿಮೆ ಬೆಲೇದು. ಇಂಕು ಕಕ್ಕಬಾರದು, ಕಾಗದ ಕೆರೀಬಾರದು" ಎಂದ ಗಂಗಾಧರಯ್ಯ.

"ಹೆಣ್ಣು ಹುಡುಕೋರೂ ಇಷ್ಟು ಕೇಳಲ್ಲ ಸ್ವಾಮಿ" ಎಂದು ಕಲ್ಲೇಶಪ್ಪ ಪೆನ್ನಿನ ಡಬ್ಬಿ ಬಿಚ್ಚಿದ.

ಮೊದಲನೆಯದು ಇಂಕಿಗೆ ಅದ್ದಿದರೂ ಬರೆಯಲೇ ಇಲ್ಲ. ಗಂಗಾಧರಯ್ಯ ಸಿಟ್ಟಿನಿಂದ ಕೊಡವಿದ. ಇಂಕು ಹಾರಿ, ಚೌಳಹಿರಿಯೂರಿನ ಬಸ್ಸಿಗೆ ಕಾಯುತ್ತ ನಿಂತಿದ್ದ ಸಿದ್ದಪ್ಪನೆಂಬ ರೈತನ ಬಿಳಿ ಪಂಚೆಯ ಮೇಲೆ ಸಾಲಾಗಿ ಕೂತಿತು.

"ಏನಪ್ಪಾ, ನನ್ ಪಂಚೆನೇ ಸಿಕ್ತಾ ನಿಂಗೆ ಬರೆಯೋಕೆ?"

"ದಾರಿಗಡ್ಡ ಯಾಕ್ರೀ ನಿಂತ್ರಿ?" ಎಂದು ಗಂಗಾಧರಯ್ಯನೇ ತಿರುಗಿಬಿದ್ದ.

ಸಿದ್ದಪ್ಪ ಜಗಳಕ್ಕೆಂದು ಅಂಗಡಿ ಹತ್ತಿದವನು ಪೆನ್ನುಗಳನ್ನು ಕಂಡು ಜಗಳ ಮರೆತ. "ಆ ದಪ್ಪಂದು ತಗಳಿ, ಕೈಗೆ ಕೂರ್ತದೆ" ಎಂದ. ದಪ್ಪನೆಯದು ಸುಣ್ಣದ ಬ್ರಷ್ಷಿನಂತೆ ಬಳಿಯಿತು. "ಚಿನ್ನದ ಕ್ಯಾಪಿಂದು ನೋಡಿ" ಎಂದ ಷಡಕ್ಷರಿ. ಬೆಲೆ ಕೇಳಿ ಗಂಗಾಧರಯ್ಯ ಅವನನ್ನೇ ಸುಡುವಂತೆ ನೋಡಿದ. ಅಷ್ಟರಲ್ಲಿ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಸುತ್ತ ನೆರೆದು, ಒಬ್ಬೊಬ್ಬರೂ ಒಂದೊಂದು ಪೆನ್ನು ಹಿಡಿದು ತಮ್ಮ ತಮ್ಮ ಹೆಸರು ಗೀಚತೊಡಗಿದರು.

"ಪೆನ್ನು ಬೇಕಾಗಿರೋದು ನನಗೆ! ಎಲ್ಲಾ ಕೆಳಗಿಡ್ರೀ!"

ಆ ಗದ್ದಲದಲ್ಲಿ ಕೈಗೆ ಸಿಕ್ಕ ಕಪ್ಪು ಪೆನ್ನೊಂದನ್ನು ಕಾಗದಕ್ಕೆ ತಾಕಿಸಿದ. ಅದು ಎಣ್ಣೆಯಂತೆ ಹರಿಯಿತು. ಬೆಲೆಯೂ ಅಗ್ಗ. ತನ್ನ ಅಕ್ಷರ ಇಷ್ಟು ಮುದ್ದಾಗಿದೆಯೆಂದು ಗಂಗಾಧರಯ್ಯನಿಗೇ ಗೊತ್ತಿರಲಿಲ್ಲ. ದುಡ್ಡು ಕೊಟ್ಟು, ಇಂಕು ತುಂಬಿಸಿಕೊಂಡು, ಊಟ ಬಿಟ್ಟು ಕಚೇರಿಗೆ ಓಡಿದ. ಷಡಕ್ಷರಿ ಅಂಗಡಿಯಲ್ಲೇ ಉಳಿದ.

ಬಾಗಿಲಲ್ಲೇ ತೀರ್ಥಪ್ಪನವರು ನಿಂತಿದ್ದರು. "ಎಲ್ಲಿಗೆ ಹೋಗಿದ್ರಿ? ತಿಪಟೂರಿನ ಕಾಗದಕ್ಕೆ ಜವಾಬು ಯಾರು ಬರೀತಾರೆ?"

ಗಂಗಾಧರಯ್ಯ ಹಲ್ಲು ಕಚ್ಚಿಕೊಂಡು ಕೂತು ಬರೆದು, ಕಾಗದವನ್ನು ಅವರ ಮುಂದಿಟ್ಟ. ಈಗ ನಗಲಿ ನೋಡೋಣ ಎಂಬಂತೆ ಕೈಕಟ್ಟಿ ನಿಂತ.

ತೀರ್ಥಪ್ಪನವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ನಿಮ್ಮ ಅಕ್ಷರವೇನ್ರೀ ಇದು? ಅಚ್ಚು ಹಾಕಿದ ಹಾಗಿದೆಯಲ್ರೀ!"

ಗಂಗಾಧರಯ್ಯನ ಎದೆ ಬೆಳಗಿನಿಂದ ಮೊದಲ ಸಲ ತಣ್ಣಗಾಯಿತು.

"ಮತ್ತೆ ಪ್ರೆಸ್ಸಿಗೆ ಯಾಕೆ ದಂಡ ತೆರಬೇಕು? ವಾರ್ಷಿಕ ಸಭೆಯ ಆಹ್ವಾನ ಪತ್ರ ಎಲ್ಲಾ ನೀವೇ ಬರೆದುಬಿಡಿ. ಕಡೂರು, ತರೀಕೆರೆ, ಅಜ್ಜಂಪುರ, ಮೂರೂ ತಾವಿನ ಸದಸ್ಯರಿಗೆ. ಒಬ್ಬರೂ ಬಿಟ್ಟುಹೋಗಬಾರದು. ಇವತ್ತಿಂದಲೇ ಶುರುವಾಗಲಿ."

ತಣ್ಣಗಾದ ಎದೆ ಭಗ್ಗನೆ ಹತ್ತಿಕೊಂಡಿತು. ಇಷ್ಟು ವರ್ಷ ಆ ಇಂಕು ಕಕ್ಕುವ ಪೆನ್ನು ತನ್ನನ್ನು ಕಾಪಾಡಿತ್ತೆಂದು ಗಂಗಾಧರಯ್ಯನಿಗೆ ಆಗ ಹೊಳೆಯಿತು. ಮೇಜಿಗೆ ಬಂದವನೇ ಯಾರೂ ನೋಡದಂತೆ ಹೊಸ ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ಇಡೀ ದಿನದ ಕೋಪವನ್ನೂ ಸೇರಿಸಿ ಮೇಜಿನ ಹಲಗೆಗೆ ಕುಕ್ಕಿದ. ನಿಬ್ಬು ನೆಗ್ಗಿ ಮುದುರಿಕೊಂಡಿತು.

"ಸಾರ್, ಪೆನ್ನು ಹಾಳಾಗ್ಬಿಡ್ತು" ಎಂದ, ಆದಷ್ಟು ದುಃಖದಿಂದ. "ಇನ್ನು ಪ್ರೆಸ್ಸೇ ಗತಿ."

ಆ ಹೊತ್ತಿಗೆ ಷಡಕ್ಷರಿ ಏದುಸಿರು ಬಿಡುತ್ತ ಒಳಗೆ ಬಂದ. ಅವನ ಕಣ್ಣಲ್ಲಿ ನೀರಿತ್ತು.

"ಗಂಗಾಧರಯ್ಯನೋರೇ, ನಿಮ್ ಪೆನ್ನು ಹಾಳು ಮಾಡಿದ್ದು ಮನಸಿಗೆ ಕೊರೀತಾ ಇತ್ತು ಕಣ್ರೀ. ಅದಕ್ಕೇ ನೀವು ಮೆಚ್ಚಿದ ಥರದ್ದೇ ಇನ್ನೊಂದು ತಂದೆ. ಇಂಕೂ ತುಂಬಿಸಿದ್ದೀನಿ. ಬೇಡ ಅನ್ಬೇಡಿ."

"ಭೇಷ್ ಷಡಕ್ಷರಿ!" ಎಂದರು ತೀರ್ಥಪ್ಪನವರು, ಮತ್ತು ಒಂದು ಕಟ್ಟು ಬಿಳಿ ಕಾಗದವನ್ನು ಗಂಗಾಧರಯ್ಯನ ಮುಂದೆ ತಳ್ಳಿದರು. "ಬರ್ಕೊಳ್ಳಿ. ಮಾನ್ಯರೇ, ತಮ್ಮನ್ನು ಬಹಳ ಸಂತೋಷದಿಂದ ಆಹ್ವಾನಿಸುತ್ತೇವೆ..."

ಗಂಗಾಧರಯ್ಯ ಷಡಕ್ಷರಿಯನ್ನು ಕಣ್ಣಲ್ಲೇ ನುಂಗುತ್ತ 'ಬಹಳ ಸಂತೋಷದಿಂದ' ಎಂದು ಬರೆದ. ಪೆನ್ನು ಮೊದಲಿನದಕ್ಕಿಂತಲೂ ಚೆನ್ನಾಗಿ ಹರಿಯುತ್ತಿತ್ತು.