ಹನ್ನೆರಡು ಬೆಂಕಿಪೆಟ್ಟಿಗೆಯ ಮೆದುಳು

ನಮ್ಮ ಸೋದರಮಾವ ಒಂದು ಮೆದುಳನ್ನು ತಯಾರಿಸಿದರು. ನಗಬೇಡಿ! ಅರವತ್ತರ ದಶಕ ಅದು. ನಮ್ಮೂರು ಕಳ್ಳಂಬೆಳ್ಳಕ್ಕೆ ಕರೆಂಟು ನೆಟ್ಟಗೆ ಬರುವ ಮೊದಲೇ ಮೆದುಳು ಬಂದುಬಿಟ್ಟಿತ್ತು.

ಬೆಲ್ಲ ಕಟ್ಟಿ ಬಂದ ಹಳೇ ಪೇಪರಿನಲ್ಲಿ ‘ಯೋಚಿಸುವ ಯಂತ್ರ’ ಎಂಬ ಸುದ್ದಿ ಅರ್ಧ ಹರಿದಿತ್ತಂತೆ. ಉಳಿದರ್ಧವನ್ನು ಮಾವನೇ ಪೂರ್ತಿ ಮಾಡಿದರು! ಅದಕ್ಕೆ ಹನ್ನೆರಡು ಖಾಲಿ ಬೆಂಕಿಪೆಟ್ಟಿಗೆ ಬೇಕು. ಖಾಲಿಯಾಗುವ ತನಕ ಕಾಯುವವರು ಯಾರು? ತಮ್ಮ ಅಂಗಡಿಯ ಕಡ್ಡಿಗಳನ್ನೆಲ್ಲ ಸುರಿದು, ಪೊಟ್ಟಣ ಕಟ್ಟಿ ಮಾರಿಬಿಟ್ಟರು. ಪಕ್ಕದ ದರ್ಜಿ ಸಾಬರು ಪೊಟ್ಟಣ ಹಿಡಿದು ಬಂದರು.

“ಅರೆ ಅಣ್ಣ, ಕಡ್ಡಿ ಐತೆ, ಗೀರೋದೆಲ್ಲಿ? ನಿನ್ ತಲೆ ಮ್ಯಾಲಾ?”

“ಇಲ್ಲೇ ಬಂದು ಗೀರ್ಕಂಡೋಗಿ ಸಾಬ್ರೇ. ದಾರೀಲಿ ಆರದಂಗೆ ನೋಡ್ಕಳಿ!”

ಮೆದುಳಿಗೆ ಬರುತ್ತಿದ್ದುದು ಒಂದೇ ಆಟ. ಹನ್ನೆರಡು ಹುಣಸೆಬೀಜ, ಸರದಿಯಂತೆ ಒಂದೋ ಎರಡೋ ಮೂರೋ ತೆಗೆಯಬೇಕು, ಕೊನೆಯ ಬೀಜ ಯಾರ ಪಾಲಿಗೋ ಅವರು ಸೋತರು. ಮೊದಲ ಸರದಿ ಮೆದುಳಿನದು. ಪೆಟ್ಟಿಗೆಗಳಿಗೆ ಒಂದರಿಂದ ಹನ್ನೆರಡರವರೆಗೆ ನಂಬರು, ಒಳಗೆ ಮೂರು ಬಣ್ಣದ ಮಣಿಗಳು. ಎಷ್ಟು ಬೀಜ ಉಳಿದಿದೆಯೋ ಆ ನಂಬರಿನ ಪೆಟ್ಟಿಗೆಯಿಂದ ಮಾವ ಕಣ್ಣು ಮುಚ್ಚಿ ಒಂದು ಮಣಿ ತೆಗೆಯುತ್ತಿದ್ದರು. ಕೆಂಪು ಬಂದರೆ ಒಂದು, ಹಸಿರಿಗೆ ಎರಡು, ಕಪ್ಪಿಗೆ ಮೂರು. ಸೋತರೆ ಆ ಆಟದ ಮಣಿಗಳು ಹೊರಗೆ. ಗೆದ್ದರೆ ಅದೇ ಬಣ್ಣದ ಇನ್ನೊಂದು ಒಳಗೆ. ಮಣಿಗಳೋ, ನಮ್ಮಮ್ಮನ ಸರದವು!

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಪದಕ ಗೆದ್ದವನು ನಾನು, ಸುಮ್ಮನಿರುತ್ತೇನೆಯೇ? “ಇದು ಬುದ್ಧಿಯಲ್ಲ ಮಾವ, ಬರೀ ಅದೃಷ್ಟ.”

“ನಿನ್ ತಲೇಲಿ ಮಾತ್ರ ಏನೈತ್ಲಾ ಅಳಿಯ? ಅಲ್ಲೂ ಮಣಿಗಳು ಇಂಗೇ ಉಳ್ಳಾಡ್ತವೆ. ಸೋತಿದ್ದು ಉದುರೋಯ್ತದೆ, ಗೆದ್ದಿದ್ದು ಮರಿ ಹಾಕ್ತದೆ. ಅದುಕ್ಕೇ ನೀನು ಐಡಿಯಾ ಅಂತ ಹೆಸರಿಟ್ಟಿದ್ದೀಯ!”

ಮೆದುಳು ಊರಿಗೆಲ್ಲ ಸೋತಿತು. ಎಮ್ಮೆ ಕಾಯುವವರಿಗೂ ಸೋತಿತು. ಸೋಲು ದಿನೇ ದಿನೇ ಕಡಿಮೆಯಾಗುತ್ತಿದ್ದುದನ್ನು ಮಾವನ ಹೊರತು ಯಾರೂ ಗಮನಿಸಲಿಲ್ಲ. ಅಮ್ಮನ ಸಹನೆ ಮುಗಿಯಿತು.

“ಭಾನುವಾರ ನನ್ ಮಗನ್ನ ಸತತ ಮೂರು ಆಟ ಸೋಲಿಸ್ಬೇಕು. ಇಲ್ದಿದ್ರೆ ಇವೆಲ್ಲಾ ನೀರೊಲೆಗೆ ಕಣೋ!”

ಮಾವನ ಮುಖ ಸಣ್ಣದಾಯಿತು.

ಭಾನುವಾರ ಮೊದಲ ಆಟ ಮೆದುಳು ಗೆದ್ದಿತು. ಕಾಕತಾಳೀಯ, ಎಂದೆ. ಎರಡನೆಯದನ್ನೂ ಗೆದ್ದಿತು. ಮಾವ ಕದ್ದು ನೋಡುತ್ತಿದ್ದಾರೆ, ಎಂದೆ. “ಅಂಗಾದ್ರೆ ನೀನೇ ತೆಗಿ” ಎಂದರು. ಮೂರನೆಯ ಆಟದಲ್ಲಿ ಎರಡೂ ಕಡೆ ನಾನೇ! ಕಣ್ಣು ಮುಚ್ಚಿ ಮಣಿ ತೆಗೆದೆ, ಕಣ್ಣು ಬಿಟ್ಟು ಬೀಜ ತೆಗೆದೆ. ಕೊನೆಯ ಬೀಜ ನನ್ನ ಪಾಲಿಗೇ ಉಳಿಯಿತು!

“ಶಭಾಷ್!” ಸಾಬರು ಕುಣಿದೇಬಿಟ್ಟರು. “ಕಾಲೇಜು ಸೋಲ್ತು, ಬೆಂಕಿಪೊಟ್ಣ ಗೆಲ್ತು!”

“ನಿಜ ಹೇಳಿ ಮಾವ, ಇದಕ್ಕೆ ಕಲಿಸಿದ್ದು ಯಾರು?”

ಮಾವ ಪೆಟ್ಟಿಗೆಗಳನ್ನು ಪಂಚೆಯ ಚುಂಗಿನಲ್ಲಿ ಒರೆಸುತ್ತಿದ್ದರು.

“ಯಾರೂ ಕಲಿಸ್ಲಿಲ್ಲ ಕಣ್ಲಾ. ಸೋತೂ ಸೋತೂ ಅದೇ ಕಲೀತು. ನಾನು ಮೂರ್ನೇ ಕ್ಲಾಸಲ್ಲಿ ಒಂದ್ ಲೆಕ್ಕ ತಪ್ಪಿದ್ದುಕ್ಕೆ ಮೇಷ್ಟ್ರು ಬೆತ್ತ ಮುರಿಯಂಗೆ ಹೊಡುದ್ರು, ಸ್ಕೂಲೇ ಬುಟ್ಬುಟ್ಟೆ. ಇದು ಅಷ್ಟು ಸಲ ತಪ್ಪಿದ್ರೂ ಯಾರೂ ಹೊಡೀಲಿಲ್ಲ ನೋಡು.”

ನಾನು ಬೀಜಗಳನ್ನು ಮತ್ತೆ ಜೋಡಿಸಿದೆ.

“ಪೆಟ್ಟಿಗೆ ಬೇಡ ಮಾವ, ಈ ಸಲ ನೀವೇ ಆಡಿ. ತಪ್ಪಿದರೆ ತಪ್ಪಲಿ.”