ಬೊಂಬಾಯಿಗೆ ಎರಡು ಅನ್ನ

ನಮ್ಮ ಅತ್ತೆ ಈ ಜಗತ್ತಿನಲ್ಲಿ ಯಾರನ್ನೂ ನಂಬಿದವರಲ್ಲ, ಕುಚ್ಚಲಕ್ಕಿಯೊಂದನ್ನು ಬಿಟ್ಟು! ಸೀತಾಂಗೋಳಿಯ ಅವರ ಮನೆಯ ಗೋಡೆಯಲ್ಲಿ ಗಡಿಯಾರವಿತ್ತು. ಅದು ಮಾವ ತಂದದ್ದು, ಆದ್ದರಿಂದ ಸುಳ್ಳು ಹೇಳುತ್ತದೆ ಎಂಬುದು ಅತ್ತೆಯ ತೀರ್ಮಾನ. ಹೊತ್ತನ್ನೂ ದೂರವನ್ನೂ ಅವರು ಅಳೆಯುತ್ತಿದ್ದುದು ಅನ್ನದಿಂದ. ಒಂದು ಅನ್ನವೆಂದರೆ ಕುಚ್ಚಲಕ್ಕಿ ಒಲೆಯ ಮೇಲೆ ಬೆಂದು ಇಳಿಯುವಷ್ಟು ಹೊತ್ತು, ಹೆಚ್ಚುಕಡಿಮೆ ಒಂದೂವರೆ ಗಂಟೆ.

"ಮಧೂರಿಗೆ ಎಷ್ಟು ದೂರ ಉಂಟು ಅಮ್ಮಾ?" ಎಂದು ದಾರಿಹೋಕರೊಬ್ಬರು ಕೇಳಿದ್ದರು.

"ನಡೆದರೆ ಒಂದು ಅನ್ನ. ಓಡಿದರೆ ಅರೆಬೆಂದದ್ದು."

ಪಾಪ, ಆ ಮನುಷ್ಯ ಊಟ ಬೇಡವೆಂದು ಕೈಮುಗಿದು ಹೊರಟೇಬಿಟ್ಟರು!

ಹೀಗಿರುವಾಗ, ಬೊಂಬಾಯಿಯಲ್ಲಿ ಹೊಸ ಹೋಟೆಲು ತೆರೆಯಲಿದ್ದ ಮಾವನ ತಮ್ಮ, ಅಣ್ಣನಿಗೆಂದು ವಿಮಾನದ ಟಿಕೆಟು ಕಳಿಸಿದ. ಬಜ್ಪೆಗೆ ವಿಮಾನ ಬರತೊಡಗಿದ ಹೊಸತು.

"ನಾನೂರು ಮೈಲಿಯ ಮೇಲೆ ಉಂಟು. ಆದರೂ ಮೂರೇ ಗಂಟೆ ಅಂತೆ!" ಎಂದರು ಮಾವ, ಎದೆಯುಬ್ಬಿಸಿ.

ಅತ್ತೆಯ ಮುಖ ಬಿಳಿಚಿತು. "ಎರಡು ಅನ್ನದ ಹೊತ್ತು ನೆಲ ಮುಟ್ಟದೆ ಇರುವುದಾ? ಕೆಳಗೆ ಎಂತ ಉಂಟು?"

"ಸಮುದ್ರ."

"ದೇವರೇ! ಕುಂಬಳೆ ಹೊಳೆಯ ದೋಣಿಯಲ್ಲೇ ನಿಮಗೆ ತಲೆ ತಿರುಗುತ್ತದೆ!"

ಮಾವ ಕೇಳಲಿಲ್ಲ, ಹೊರಟೇ ಹೋದರು.

ವಿಮಾನ ಬೆಳಿಗ್ಗೆ ಹತ್ತಕ್ಕೆ ಏಳುವುದಿತ್ತು. ಅಂದು ಅತ್ತೆ ಆ ಸುಳ್ಳು ಗಡಿಯಾರವನ್ನೇ ನೋಡಿ, ಸರಿಯಾಗಿ ಹತ್ತಕ್ಕೆ ಒಲೆಯ ಮೇಲೆ ಅಕ್ಕಿ ಇಟ್ಟರು. ಹೊಸದಾಗಿ ಟೀಚರ್ ಕೆಲಸಕ್ಕೆ ಸೇರಿ ಅವರ ಮನೆಯಲ್ಲಿದ್ದ ನಾನು ಬೆಂಕಿಯ ಕಾವಲಿಗೆ!

"ಒಂದೇ ಸಮ ಉರಿಯಲಿ ಮಗಾ. ಒಲೆ ಆರಿದರೆ ಅಲ್ಲಿ ಎಂತ ಆಗ್ತದೋ."

ಸೌದೆ ಹಸಿ. ಬೆಂಕಿ ಒಮ್ಮೆ ನಂದಿಯೇ ಹೋಯಿತು. ಅತ್ತೆ ಚೀರಿ, ಕೊಳವೆ ಕಸಿದುಕೊಂಡು ಊದಿದ ರಭಸಕ್ಕೆ ವಿಮಾನ ಬೊಂಬಾಯಿ ದಾಟಿ ಹೋಗಬೇಕಿತ್ತು! ನನಗೆ ನಗು ಬಂತು. ಆದರೆ ಅವರ ಮುಖ ನೋಡಿ, ಒಣಸೌದೆ ತರಲು ಎದ್ದೆ.

ಎರಡನೆಯ ಅನ್ನವೂ ಬೆಂದಿತು. ಸುದ್ದಿಯಿಲ್ಲ.

"ತಂತಿ ಬರುವುದಕ್ಕೂ ಹೊತ್ತು ಬೇಡವಾ ಅತ್ತೆ?"

ಕೇಳಿದರೆ ತಾನೆ! ಮೂರನೆಯದನ್ನು ಇಟ್ಟರು. "ಇಳಿದ ಸುದ್ದಿ ಬರುವವರೆಗೆ ಇವರು ಮೇಲೆಯೇ ಇರುವುದು ಮಾರಾಯ್ತಿ!"

ನೆರೆಹೊರೆಯವರೆಲ್ಲ ಉಂಡರು. ನಾಲ್ಕನೆಯದು ದನಗಳ ಪಾಲಾಯಿತು. ಅತ್ತೆ ಮಾತ್ರ ಒಂದು ತುತ್ತೂ ಮುಟ್ಟಲಿಲ್ಲ. ಐದನೆಯದು ಕುದಿಯುವಾಗ ನನಗೂ ಹೆದರಿಕೆ ಹತ್ತಿತು. ಏನಾದರೂ ಆಗಿದ್ದರೆ ನಮಗೆ ತಿಳಿಸುವವರು ಯಾರು? ಅಕ್ಷರ ಕಲಿತ ನಾನೂ ಸೌದೆಯನ್ನು ಒಲೆಯೊಳಗೆ ನೂಕುತ್ತಾ ಕೂತೆ.

ಸಂಜೆ ಅಂಚೆಯವರು ಬಂದರು. ನಾನು ತಂತಿಯನ್ನು ಓದಿ ಹೇಳಿದೆ: "ಸುಖವಾಗಿ ತಲುಪಿದ್ದಾರೆ."

"ಯಾರು?"

"ಮಾವ."

"ಊರಿಡೀ ಮಾವಂದಿರೇ ಅಲ್ವಾ! ಬೇರೆಯವರದ್ದು ಇಲ್ಲಿಗೆ ಬಂದಿದ್ದರೆ? ಹೆಸರು ಉಂಟಾ?"

ಹೆಸರೇನೋ ಇತ್ತು. ಆದರೆ ಹಿರಿಯರ ಹೆಸರನ್ನು ನಾನು ಹೇಳುವುದುಂಟೇ? ತಡವರಿಸಿದೆ. ಅತ್ತೆಗೆ ತಡೆಯಲಾಗಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಗಂಡನ ಹೆಸರನ್ನು ಒಮ್ಮೆಯೂ ಬಾಯಿಗೆ ತಾರದಿದ್ದವರು, ಅಂಗಳದಲ್ಲಿ ನಿಂತು, ಮನೆತನದ ಹೆಸರಿನ ಸಮೇತ ಅದನ್ನು ಗಟ್ಟಿಯಾಗಿ ಹೇಳಿ, "ಅವರೇನಾ?" ಎಂದರು.

"ಅವರೇ ಅತ್ತೆ."

ಅತ್ತೆ ಅಲ್ಲೇ ಮಣ್ಣಿನಲ್ಲಿ ಕೂತರು. ಅಂಚೆಯವರು ನೋಡುತ್ತಿದ್ದಾರೆಂಬ ಪರಿವೆಯೂ ಇಲ್ಲದೆ, ಆ ಹೆಸರನ್ನು ಇನ್ನೊಮ್ಮೆ ಮೆಲ್ಲಗೆ ಹೇಳಿ, ಅತ್ತರು.