ಅತ್ತೆಯ ಸೊಂಟಕ್ಕೊಂದು ಸಸ್ಪೆನ್ಷನ್

ಗಾಡಿ ಯಾಕೆ ಕುಲುಕುತ್ತದೆ ಎಂಬ ವಿಷಯದಲ್ಲಿ ಇಡೀ ದಾವಣಗೆರೆಯಲ್ಲಿ ನನಗಿಂತ ಹೆಚ್ಚು ತಿಳಿದವರು ಯಾರೂ ಇಲ್ಲ ಎಂದು ನಾನು ಆಗ ನಂಬಿದ್ದೆ. ನಂಬಲು ಕಾರಣವೂ ಇತ್ತು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೂರು ವರ್ಷದಿಂದ ಆ ಪಾಠ ಮಾಡುತ್ತಿದ್ದವನು ನಾನೇ. ಗುಂಡಿ ಬಂದರೆ ಚಕ್ರ ಏನು ಮಾಡಬೇಕು, ಸ್ಪ್ರಿಂಗು ಏನು ಮಾಡಬೇಕು, ಒಳಗೆ ಕೂತವನ ಬೆನ್ನಿಗೆ ಏನು ಆಗಬಾರದು ಎಂಬ ಸಸ್ಪೆನ್ಷನ್ ಪಾಠವನ್ನೆಲ್ಲ ಬೋರ್ಡಿನ ಮೇಲೆ ಬಿಡಿಸಿ ತೋರಿಸುತ್ತಿದ್ದೆ. ನಾನು ಸ್ವತಃ ಓಡಾಡುತ್ತಿದ್ದುದು ಸೈಕಲ್ಲಿನಲ್ಲಿ ಎಂಬುದು ಬೇರೆ ಮಾತು.

ಆ ವರ್ಷ ನನ್ನ ಹೆಂಡತಿ ವಿಶಾಲಾಕ್ಷಿ ಚೊಚ್ಚಲ ಬಸುರಿ. ಪದ್ಧತಿಯಂತೆ ಹೆರಿಗೆಗೆ ತವರಿಗೆ ಹೋಗಬೇಕು. ತವರು ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿ. ಆದರೆ ಡಾಕ್ಟರಮ್ಮ, "ರಕ್ತ ಕಮ್ಮಿ ಐತೆ. ಆ ರಸ್ತೆ ಮ್ಯಾಲೆ ಕಳಿಸೋದೇ ಬ್ಯಾಡ, ಹೆರಿಗೆ ಇಲ್ಲೇ ಆಗ್ಲಿ" ಎಂದುಬಿಟ್ಟರು. ಅವತ್ತಿನಿಂದ ವಿಶಾಲಾಕ್ಷಿಯದು ಒಂದೇ ಹಠ.

"ಹೆರಿಗೆ ಹೊತ್ತಿಗೆ ಅವ್ವ ನನ್ನ ಪಕ್ಕದಾಗೆ ಇರ್ಬೇಕು. ಅವ್ವ ಇಲ್ದಿದ್ರೆ ನಾನು ಆಸ್ಪತ್ರೆ ಒಳಗೆ ಕಾಲಿಡಲ್ಲ ನೋಡ್ರಿ."

ಹೇಳುವಾಗ ಅವಳ ಕಣ್ಣಲ್ಲಿ ನೀರು ತುಂಬುತ್ತಿತ್ತು. ಅವಳಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಅತ್ತೆಯವರಿಗೆ ಬರಲು ಮನಸ್ಸಿತ್ತು, ಅವರ ಸೊಂಟಕ್ಕೆ ಇರಲಿಲ್ಲ. ಹಿಂದಿನ ವರ್ಷ ಗದ್ದೆಯ ಬದುವಿನ ಮೇಲೆ ಜಾರಿ ಬಿದ್ದು ಸೊಂಟ ಹಿಡಿದುಕೊಂಡಿತ್ತು. ನಡೆದಾಡಿದರೆ ತೊಂದರೆಯಿಲ್ಲ, ಕುಲುಕಿದರೆ ಮಾತ್ರ ಜೀವ ಹೋಗುವಷ್ಟು ನೋವು. ಊರಿಂದ ಹರಿಹರಕ್ಕೆ ಬರುವ ದಾರಿಯೋ ಎರೆಮಣ್ಣಿನದು. ಮಳೆಗಾಲದಲ್ಲಿ ಎತ್ತಿನಗಾಡಿಗಳು ಕೊರೆದ ಜಾಡೆಲ್ಲ ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತಿತ್ತು. ಅದರ ಮೇಲೆ ಓಡುತ್ತಿದ್ದ ಒಂದೇ ವಾಹನವೆಂದರೆ ಮಾವನವರ ಜೀಪು. ಅದೂ ಮಿಲಿಟರಿಯವರು ಸಾಕಾಗಿ ಹರಾಜು ಹಾಕಿದ್ದು.

"ಅಷ್ಟೇ ತಾನೆ?" ಎಂದೆ ನಾನು. "ಆ ಜೀಪಿಗೆ ಹೊಸಾ ಸಸ್ಪೆನ್ಷನ್ ಡಿಸೈನ್ ಮಾಡ್ತೀನಿ. ನಿಮ್ಮವ್ವನ್ನ ತೊಟ್ಟಿಲಾಗೆ ಮಲಗಿಸಿಕೊಂಡು ಬಂದಂಗೆ ಕರ್ಕೊಂಡು ಬರ್ತೀನಿ."

"ಅಡಿಗೆಮನಿ ಲೈಟಿನ ಸ್ವಿಚ್ಚು ಕೆಟ್ಟು ಎರಡು ತಿಂಗಳಿಂದ ಹಂಗೇ ಐತೆ" ಎಂದಳು ವಿಶಾಲಾಕ್ಷಿ.

"ಅದು ಎಲೆಕ್ಟ್ರಿಕಲ್ ವಿಭಾಗ" ಎಂದೆ.

ಕೆಲಸವನ್ನು ಶಾಸ್ತ್ರೋಕ್ತವಾಗಿ ಶುರು ಮಾಡಿದೆ. ಮೊದಲು ತಿಳಿಯಬೇಕಾದ್ದು ಗಾಡಿ ಹೊರುವ ಭಾರ. ಪುಸ್ತಕದಲ್ಲಿ ಜೀಪಿಗೆ ಆರು ಜನ ಎಂದಿತ್ತು. ಪುಸ್ತಕ ಬರೆದವನು ಕಡರನಾಯಕನಹಳ್ಳಿ ನೋಡಿದವನಲ್ಲ. ಎರಡು ಭಾನುವಾರ ಊರ ಕಟ್ಟೆಯ ಮೇಲೆ ನೋಟ್‌ಬುಕ್ಕು ಹಿಡಿದು ಕೂತು ನಾನೇ ಎಣಿಸಿದೆ. ಮಾವನವರ ಜೀಪು ಹರಿಹರಕ್ಕೆ ಹೊರಟಿತು ಅಂದರೆ ಯಾರೂ ಯಾರನ್ನೂ ಕೇಳುವುದಿಲ್ಲ, ಬಂದವರು ಬಂದಹಾಗೆ ಹತ್ತುತ್ತಾರೆ. ಒಳಗೆ ಹತ್ತು, ಹಿಂದೆ ಜೋತುಬಿದ್ದವರು ಐದು, ಬಾನೆಟ್ಟಿನ ಮೇಲೆ ಮೂರು. ಒಟ್ಟು ಹದಿನೆಂಟು ಮಂದಿ, ಜೊತೆಗೆ ನಾಲ್ಕು ಚೀಲ ಭತ್ತ. ಎರಡು ಭಾನುವಾರವೂ ಲೆಕ್ಕ ಒಂದೇ ಬಂತು. ಆ ಭಾರಕ್ಕೆ ಸರಿಯಾಗಿ ಲೆಕ್ಕ ಹಾಕಿ, ಅದರ ಮೇಲೆ ಒಂದಿಷ್ಟು ಎಚ್ಚರಿಕೆಗೂ ಸೇರಿಸಿ, ದೊಡ್ಡ ಹಾಳೆಯ ಮೇಲೆ ನಕ್ಷೆ ಬರೆದೆ.

ನಕ್ಷೆ ಹಿಡಿದು ಹರಿಹರದ ಖಾದರ್ ಸಾಬರ ಶೆಡ್ಡಿಗೆ ಹೋದೆ. ಲಾರಿ, ಟ್ರೇಲರುಗಳಿಗೆ ಕಮಾನು ಪಟ್ಟಿ ಬಡಿಯುವುದು, ಅಂದರೆ ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಕೊಡುವುದು ಅವರ ಅಪ್ಪನ ಕಾಲದ ಕಸುಬು. ನಕ್ಷೆಯನ್ನು ಬಹಳ ಹೊತ್ತು ನೋಡಿದರು.

"ಇಷ್ಟು ಪಟ್ಟಿ ನಾವು ಲಾರಿಗೆ ಹಾಕ್ತೀವ್ರಿ ಸಾರ್. ಜೀಪಿಗೆ ಯಾಕ? ಖಾಲಿ ಹೋದ್ರೆ ಕತ್ತೆ ಒದ್ದಂಗೆ ಒದೀತೈತೆ."

"ಖಾದರ್ ಸಾಬ್ರೆ, ಆ ಜೀಪು ಖಾಲಿ ಹೋಗಿದ್ದು ನೀವು ಯಾವತ್ತಾದ್ರೂ ನೋಡೀರೇನು?"

ಅವರು ಗಡ್ಡ ಕೆರೆದುಕೊಂಡು ಯೋಚಿಸಿದರು. "ಖರೇ ಹೇಳ್ಬೇಕಂದ್ರೆ ಇಲ್ರಿ."

"ಮತ್ತೆ?"

ಖಾದರ್ ಸಾಬರು ಪಟ್ಟಿ ಬಡಿದು ಜೀಪಿಗೆ ಕೂರಿಸಿಕೊಟ್ಟರು. ನನ್ನ ವಾದದಲ್ಲಿ ತಪ್ಪು ಇವತ್ತಿಗೂ ನನಗೆ ಕಾಣುವುದಿಲ್ಲ.

ಶನಿವಾರ ಪರೀಕ್ಷೆ ನಡೆಯಿತು. ಹದಿನೆಂಟು ಮಂದಿ ಹತ್ತಿದರು, ಭತ್ತ ಹತ್ತಿತು, ನಾನು ತುಂಬಿದ ಚೊಂಬು ನೀರು ಹಿಡಿದು ನಡುವೆ ಕೂತೆ. ಊರಾಚೆಯ ಹಳ್ಳದವರೆಗೆ ಹೋಗಿ ಬಂದರೂ ಒಂದು ಹನಿ ನೀರು ಚೆಲ್ಲಲಿಲ್ಲ. ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆಯವರ ಮುಖ ಅರಳಿತು.

"ಹಂಗಾದ್ರೆ ಸೋಮವಾರ ಹೊರಡಾಣ ಅಳಿಯಂದ್ರೆ. ಮಗಳು ದಾರಿ ಕಾಯ್ತಿರ್ತಾಳೆ" ಎಂದರು. ಅವತ್ತು ನಾನು ನೆಲದ ಮೇಲೆ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಅತ್ತೆಯವರು ಬಾಣಂತಿಗೆಂದು ಕಟ್ಟಿದ ಅಂಟಿನುಂಡೆಯ ಡಬ್ಬಿ ಮಡಿಲಲ್ಲಿಟ್ಟುಕೊಂಡು ಡ್ರೈವರ್ ರುದ್ರಪ್ಪನ ಪಕ್ಕ ಕೂತರು. ನಾನು ಹಿಂದೆ ಕೂತು ಊರಿನವರು ಹತ್ತಲೆಂದು ಕಾದೆ. ಊರಿನವರೆಲ್ಲ ಬಂದಿದ್ದರು. ಬಂದು, ಜೀಪಿನಿಂದ ನಾಲ್ಕು ಮಾರು ದೂರ ಕೈ ಮುಗಿದು ನಿಂತಿದ್ದರು. ಯಾರೂ ಹತ್ತಲಿಲ್ಲ.

"ಹತ್ರಿ, ಹತ್ರಿ" ಎಂದೆ.

"ಇವತ್ತು ಬ್ಯಾಡ್ರಿ" ಎಂದ ಕಿರಾಣಿ ಅಂಗಡಿಯ ವೀರಣ್ಣ. "ಅಮ್ಮಾರಿಗೆ ಸೊಂಟ ಸರಿ ಇಲ್ಲ. ನಾವು ಹತ್ತಿ ಇಕ್ಕಟ್ಟು ಮಾಡಬಾರ್ದು. ಆರಾಮ ಹೋಗ್ಲಿ."

"ನೀವು ಹತ್ತಿದ್ರೇನೇ ಅವ್ರಿಗೆ ಆರಾಮು ಕಣ್ರಿ!"

ಎಲ್ಲರೂ ನಕ್ಕರು. ನಾನು ಕೆಳಗಿಳಿದು ಸ್ಪ್ರಿಂಗಿನ ಬಿಗಿತ, ಭಾರ, ಬಾಗುವಿಕೆ ಎಲ್ಲವನ್ನೂ ವಿವರಿಸಿದೆ. ವೀರಣ್ಣನ ಕಣ್ಣು ಒದ್ದೆಯಾಯಿತು. "ಕಾಲೇಜಿನ ಮೇಷ್ಟ್ರಾದ್ರೂ ಎಂಥಾ ದೊಡ್ಡ ಮನಸ್ಸು ನೋಡ್ರಪ್ಪ, ಇಂಥಾ ಹೊತ್ತಿನಾಗೂ ನಮ್ಮನ್ನ ಬಿಟ್ಟು ಹೋಗವಲ್ರು" ಎಂದ. ಹೋಗಲಿ ಭತ್ತದ ಚೀಲವನ್ನಾದರೂ ಹಾಕಿ ಎಂದು ಅಂಗಲಾಚಿದೆ. ಮಾವನವರು ನನ್ನನ್ನು ಪಕ್ಕಕ್ಕೆ ಕರೆದು, "ಜನ ಮರ್ಯಾದಿ ಕೊಡಾಕತ್ತಾರ. ನೀವು ಸಂತಿ ಮಾಡಬ್ಯಾಡ್ರಿ" ಎಂದು ಗದರಿದರು. ಆ ಜೀಪು ಹುಟ್ಟಿದ ಮೇಲೆ ಮೊದಲ ಬಾರಿಗೆ ಖಾಲಿಯಾಗಿ ಹೊರಟಿತು.

ಮೊದಲನೇ ಜಾಡಿಗೆ ಅತ್ತೆಯವರು ಸೀಟು ಬಿಟ್ಟೆದ್ದು, ಮೇಲಿನ ಟಾರ್ಪಾಲಿಗೆ ತಲೆ ಮುಟ್ಟಿಸಿ, ಮತ್ತೆ ಕೂತರು. "ಶಿವನೇ" ಎಂದರು. ಎರಡನೇ ಜಾಡಿಗೆ ಅದನ್ನು ಹೇಳಲೂ ಉಸಿರಿರಲಿಲ್ಲ. ನಿಧಾನ ಹೋಗು ಎಂದು ರುದ್ರಪ್ಪನಿಗೆ ಹೇಳಿದೆ. ನಿಧಾನ ಹೋದರೆ ಒಂದೊಂದು ಒದೆತವೂ ಬಿಡಿಬಿಡಿಯಾಗಿ ಬೀಳುತ್ತಿತ್ತು. ದಾರಿಯಲ್ಲಿ ನಡೆದು ಹೋಗುತ್ತಿದ್ದವರನ್ನೆಲ್ಲ ನಿಲ್ಲಿಸಿ, ಹತ್ತಿ ಎಂದು ಕೈ ಮುಗಿದೆ. ಅವರು ಒಳಗೆ ಇಣುಕಿ, ನರಳುತ್ತಿದ್ದ ಅತ್ತೆಯವರನ್ನು ಕಂಡು, "ಪೇಶಂಟ್ ಅದಾರಲ್ರೀ, ನಿಲ್ಸಬ್ಯಾಡ್ರಿ, ಲಗೂನ ಹೋಗ್ರಿ" ಎಂದು ನಮ್ಮನ್ನೇ ಅವಸರಪಡಿಸಿದರು. ನನಗೆ ಅಳು ಬರುವುದೊಂದು ಬಾಕಿ.

"ನಿಲ್ಸು ರುದ್ರಪ್ಪ" ಎಂದರು ಅತ್ತೆ. ಸೊಂಟ ಹಿಡಿದುಕೊಂಡು ಇಳಿದು, ಜಾಲಿಗಿಡದ ನೆರಳಲ್ಲಿ ನಿಂತರು.

ಅಲ್ಲೇ ಪಕ್ಕದಲ್ಲಿ ಆ ರಸ್ತೆಯ ರಿಪೇರಿಗೆಂದು ಯಾವ ಕಾಲದಲ್ಲೋ ತಂದು ಸುರಿದ ಜಲ್ಲಿಯ ರಾಶಿ, ಮೇಲೆ ಹುಲ್ಲು ಬೆಳೆದು ಬಿದ್ದಿತ್ತು. ನನಗೆ ಮಿಂಚು ಹೊಳೆದಂತಾಯಿತು. ಅಂಗಿ ಬಿಚ್ಚಿಟ್ಟು, ರುದ್ರಪ್ಪನ ಟವೆಲ್ಲಿನಲ್ಲಿ ತುಂಬಿ ತುಂಬಿ ಇಬ್ಬರೂ ಒಂದು ತಾಸು ಜಲ್ಲಿ ಹೊತ್ತೆವು. ಜೀಪಿನ ಹಿಂಭಾಗ ತುಂಬಿತು, ಕಮಾನು ಬಾಗಿತು. ಇಪ್ಪತ್ತು ಮಾರು ಓಡಿಸಿ ನೋಡಿದರೆ, ನೀರಿನ ಮೇಲೆ ತೇಲಿದಂತಿತ್ತು.

"ಈಗ ಬರ್ರಿ ಅತ್ತೆರೇ, ಕೂಡ್ರಿ."

"ಸತ್ರೂ ಅದನ್ನ ಹತ್ತಲ್ಲ ಅಳಿಯಂದ್ರೆ" ಎಂದು ಅವರು ನಡೆಯಲು ಶುರು ಮಾಡಿದರು.

ಬುದ್ಧಿ ಇರುವ ಅಳಿಯನಾಗಿದ್ದರೆ ಇಳಿದು, ಡಬ್ಬಿಯನ್ನಾದರೂ ಇಸಿದುಕೊಂಡು, ಜೊತೆಗೆ ನಡೆಯುತ್ತಿದ್ದ. ನಾನು ಇಂಜಿನಿಯರು. ನನ್ನ ಡಿಸೈನು ಸರಿಯಾಗಿದೆ ಎಂದು ಅವರಿಗೆ ತೋರಿಸದೆ ಬಿಡುವುದು ಹೇಗೆ? ಜಲ್ಲಿಯ ಮೇಲೆ ಚಕ್ಕಳಮಕ್ಕಳ ಕೂತು, ಅವರ ಪಕ್ಕಕ್ಕೇ ಜೀಪು ಓಡಿಸಲು ರುದ್ರಪ್ಪನಿಗೆ ಹೇಳಿದೆ.

"ನೋಡ್ರಿ ಅತ್ತೆರೇ, ಕುಲುಕ್ತಾನೇ ಇಲ್ಲ. ಈ ಗುಂಡಿ ನೋಡ್ರಿ. ನೋಡಿದ್ರಾ?"

ಅವರು ನೋಡಲಿಲ್ಲ. ಹೀಗೆ ಎರಡು ಮೈಲಿ. ಎದುರಿಗೆ ಬಂದವರೆಲ್ಲ ನಿಂತು ನಿಂತು ನೋಡಿದರು: ಸೊಂಟ ಹಿಡಿದುಕೊಂಡು ನಡೆಯುತ್ತಿರುವ ಅತ್ತೆ, ಪಕ್ಕದಲ್ಲಿ ಜೀಪಿನೊಳಗೆ ಕಲ್ಲಿನ ಮೇಲೆ ಬರಿಮೈಯಲ್ಲಿ ಕೂತ ಅಳಿಯ. ಪ್ರಯಾಣವೇನೋ ಬಹಳ ಸುಖವಾಗಿತ್ತು.

ಹರಿಹರದಲ್ಲಿ ಬಸ್ಸು ಹತ್ತಿ ದಾವಣಗೆರೆ ಮುಟ್ಟುವಷ್ಟರಲ್ಲಿ ಅತ್ತೆಯವರ ಸೊಂಟ ಬಾಗಿದ್ದು ಬಾಗಿದಂತೆಯೇ ನಿಂತಿತ್ತು. ನೇರ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರಮ್ಮ ಒತ್ತಿ ನೋಡಿ, ಅಲುಗಾಡಕೂಡದು ಎಂದು ಅಲ್ಲೇ ಮಲಗಿಸಿದರು. ಮರುದಿನ ಬೆಳಿಗ್ಗೆ ವಿಶಾಲಾಕ್ಷಿಗೆ ನೋವು ಶುರುವಾಗಿ ಅವಳನ್ನೂ ಅಲ್ಲಿಗೇ ಸೇರಿಸಿದೆ. ಹೆರಿಗೆ ಹೊತ್ತಿಗೆ ಅವ್ವ ಪಕ್ಕದಲ್ಲಿರಬೇಕು ಎಂದಿದ್ದಳಲ್ಲ, ಪಕ್ಕದಲ್ಲೇ ಇದ್ದರು, ಪಕ್ಕದ ಮಂಚದ ಮೇಲೆ. ಹೆರಿಗೆ ನೋವು ತಿನ್ನುತ್ತಿದ್ದ ಮಗಳೇ ನಡುನಡುವೆ, "ಅವ್ವನ ಸೊಂಟಕ್ಕೆ ಬಿಸಿನೀರಿನ ಚೀಲ ತರ್ರಿ" ಎಂದು ನನ್ನನ್ನು ಓಡಿಸುತ್ತಿದ್ದಳು. ಮಧ್ಯಾಹ್ನ ಹೆಣ್ಣು ಮಗು ಹುಟ್ಟಿತು.

ಸಂಜೆ ಎಲ್ಲ ಶಾಂತವಾದ ಮೇಲೆ ವಿಶಾಲಾಕ್ಷಿ ಕೇಳಿದಳು. "ಅವ್ವಾ, ಸೊಂಟ ಹಿಂಗ್ಯಾಕಾತು? ಜೀಪು ಕುಲುಕಿತಾ?"

"ಇಲ್ಲವ್ವ, ಜೀಪೇನು ಮಾಡ್ತು ಪಾಪ" ಎಂದರು ಅತ್ತೆ. "ಹೊರಡೋ ಗಡಿಬಿಡಿಯಾಗೆ ಹೊಸ್ತಿಲು ಎಡವಿದೆ."

ನನ್ನ ಮಾನ ಉಳಿಸಲು ಅವರು ಹೇಳಿದ ಆ ಸುಳ್ಳನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಜಾಡು, ಜಲ್ಲಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ವಿಶಾಲಾಕ್ಷಿ ಅವ್ವನ ಮಂಚದ ಕಡೆ ನೋಡಿ, ನನ್ನ ಕಡೆ ತಿರುಗಿದಳು.

"ಅವ್ವ ನಡಕೊಂಡು ಬಂದ್ಲಾ?"

"ಹೂಂ. ಎರಡು ಮೈಲಿ."

"ನೀವು?"

"ಜೀಪಿನಾಗೆ."

"ಕುಲುಕ್ತಿತ್ತಾ?"

ಕುಲುಕುತ್ತಿತ್ತು ಎಂದಿದ್ದರೆ ಬದುಕಿಕೊಳ್ಳುತ್ತಿದ್ದೆನೇನೋ. ಆದರೆ ಮೂರು ವರ್ಷ ಆ ಪಾಠ ಮಾಡಿದ ಬಾಯಿ.

"ಇಲ್ಲ" ಎಂದೆ. "ಒಂಚೂರೂ ಕುಲುಕಲಿಲ್ಲ."

ವಿಶಾಲಾಕ್ಷಿ ಮಗುವನ್ನು ಎದೆಗೆಳೆದುಕೊಂಡು ಗೋಡೆಯ ಕಡೆ ಮಗ್ಗುಲಾದಳು. ಅತ್ತೆಯವರಿಗೆ ಮಗ್ಗುಲಾಗಲು ಆಗುತ್ತಿರಲಿಲ್ಲ. ಅವರು ನನ್ನನ್ನೇ ನೋಡುತ್ತಾ ಮಲಗಿದ್ದರು.